ಬಾಟಲಿಯೊಳಗಿನ ಸಸಲು

ಬೈರಕೂರು, ಮುಳಬಾಗಿಲು ತಾಲ್ಲೂಕು
೧೯ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಗಂಗೀ,

ನಿನ್ನ ಅತ್ತೆ ಮುನಿಯಲ್ಲಮ್ಮನ ಆಶೀರ್ವಾದ. ಹೇಗಿದ್ದೀಯ? ಚಳಿ ಬಿದ್ದ ಕೂಡಲೇ ನಿನಗೆ ಬರುವ ಆ ಒಣಕೆಮ್ಮು ಈ ವರ್ಷವೂ ಬಂತೋ, ಇಲ್ಲ ನೀನು ಊರು ಬಿಟ್ಟದ್ದು ತಿಳಿಯದೆ ಇಲ್ಲೇ ಯಾರ ಗಂಟಲಲ್ಲಾದರೂ ಕೂತಿದೆಯೋ? ಬಂದಿದ್ದರೆ ಮೆಣಸು, ತುಳಸಿ ಕುದಿಸಿ ಕುಡಿ, ಅಸಡ್ಡೆ ಮಾಡಬೇಡ. ನನ್ನ ಮೊಮ್ಮಗಳು ಹೇಗಿದ್ದಾಳೆ? ಜಶ್ವಿತಾ ಎಂದು ಹೆಸರಿಟ್ಟವರು ನೀವು, ಅದನ್ನು ಕರೆಯಲು ಹಲ್ಲಿಲ್ಲದವಳು ನಾನು. ಉಳಿದಿರುವ ಹಲ್ಲಿಗೆ ಜಶಿ ಎನ್ನುವಷ್ಟೇ ಶಕ್ತಿ. ನೀವು ಹೋಗುವಾಗ ಅವಳ ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ದಾರ ಕಟ್ಟಿ ನೋವಾಗದಂತೆ ಕೀಳುತ್ತೇನೆಂದು ಮಾತು ಕೊಟ್ಟಿದ್ದೆ. ಎಂಟು ತಿಂಗಳಾಯಿತು, ಅದು ತಾನಾಗಿಯೇ ಬಿದ್ದು ಹೊಸದೂ ಬಂದಿರುತ್ತದೆ. ಅಜ್ಜಿ ಮಾತಿಗೆ ತಪ್ಪಿದಳು ಎಂದು ಅವಳು ಅಂದುಕೊಂಡಿರಬಹುದು.

ನೀನು ಎಲ್ಲಿದ್ದೀಯೋ ನನಗೆ ಗೊತ್ತಿಲ್ಲ. ಮಾಸ್ತಿಯಲ್ಲಿರುವ ನಿನ್ನ ಅಕ್ಕ ಅಕ್ಕಯಮ್ಮನ ವಿಳಾಸಕ್ಕೆ ಹಾಕಿದರೆ ನಿನ್ನ ಕೈ ಸೇರುತ್ತದೆಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ ನಿನ್ನ ನಂಬರು ಬದಲಾಗಿದೆ. ನನ್ನ ಫೋನು ರಿಪೇರಿಗೆ ಹೋಗಿ ಎರಡು ತಿಂಗಳಾಯಿತು. ನಿನ್ನ ಗಂಡನೇ ಕೊಟ್ಟುಬಂದಿದ್ದಾನೆ, ಅಂಗಡಿಯವನು ಇವತ್ತು ನಾಳೆ ಅನ್ನುತ್ತಿದ್ದಾನಂತೆ. ಕದಿರೇಶ ಈಗ ನನ್ನ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ನಾನು ಹೆತ್ತ ಮಗ, ನಾನೇ ಅ ಆ ತಿದ್ದಿಸಿದವನು, ಇವತ್ತು ನನ್ನ ಕಾಗದ ತಿದ್ದಲು ಕೂತಿದ್ದಾನೆ. ಬರೆದದ್ದನ್ನೆಲ್ಲ ಓದಿದ ಮೇಲೆಯೇ ಟಪಾಲಿಗೆ ಹಾಕುವುದಂತೆ, ಅದಕ್ಕೇ ಅಕ್ಷರ ಇಷ್ಟು ದುಂಡಗಿದೆ. "ನಾನು ಬರೆದ್ರೆ ಅವಳು ಹರಿದು ಬಿಸಾಕ್ತಾಳೆ ಕಣಮ್ಮ, ನಿನ್ ಅಕ್ಷರ ಕಂಡ್ರೆ ಓಡಿ ಬರ್ತಾಳೆ" ಅಂದ. ಏಳನೇ ಕ್ಲಾಸು ಓದಿದ್ದಕ್ಕೆ ಅರವತ್ತಾರನೇ ವಯಸ್ಸಿನಲ್ಲಿ ನನಗೆ ಸಿಕ್ಕ ಮರ್ಯಾದೆ ನೋಡು.

ನನ್ನ ಕಾಲಿನ ಸುದ್ದಿ ನಿನಗೆ ಮುಟ್ಟಿರಲಾರದು. ಆಗಸ್ಟಿನಲ್ಲಿ ಕೆರೆ ಏರಿ ಮೇಲೆ ಜಾರಿ ಬಿದ್ದು ಬಲಗಾಲು ಮುರಿದುಕೊಂಡೆ. ಹುಟ್ಟಿದಾಗಿನಿಂದ ಆ ಏರಿ ಮೇಲೆ ಮಳೆಯಲ್ಲೂ ಕತ್ತಲಲ್ಲೂ ಓಡಾಡಿದವಳು ಒಂದು ಒಣ ಮಧ್ಯಾಹ್ನ ಜಾರಿದೆ ಎಂದರೆ ನಗಬೇಡ. ನಾಟಿ ಕಟ್ಟು ಕಟ್ಟಿಸಿದ್ದಾಯಿತು, ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಕೋಲಾರಕ್ಕೆ ಹೋಗಿ ಆಪರೇಷನ್ ಮಾಡಿಸಿ ರಾಡು ಹಾಕಿಸಿದರೆ ನಡೆಯಬಹುದು, ಇಲ್ಲದಿದ್ದರೆ ಹೀಗೇ ಎಂದು ಡಾಕ್ಟರು ಹೇಳಿದ್ದಾರೆ. ಕದಿರೇಶ ಕರೆದುಕೊಂಡು ಹೋಗುತ್ತಾನೆ, ಆದರೆ ನೀನು ಬಂದ ಮೇಲೆ. "ಆಸ್ಪತ್ರೇಲಿ ಜೊತೆಗೆ ಹೆಂಗಸರು ಇರ್ಬೇಕಲ್ಲ, ಸೊಸೆ ಬರ್ಲಿ" ಅನ್ನುತ್ತಾನೆ. ಅಲ್ಲಿಯವರೆಗೆ ನಾನು, ಈ ಮಂಚ, ಈ ಕಿಟಕಿ. ಕಿಟಕಿಯಿಂದ ಕೆರೆಯ ಒಂದು ಚೂರು ಕಾಣುತ್ತದೆ, ನಾವಿಬ್ಬರೂ ಗಾಳ ಹಾಕಿ ಕೂರುತ್ತಿದ್ದ ಕಟ್ಟೆಕಲ್ಲು ಮಾತ್ರ ಕಾಣುವುದಿಲ್ಲ. ಬ್ಲೌಸು ಹೊಲಿಯುವ ನಮ್ಮ ಪಕ್ಕದ ಮನೆ ಜಹಾನಾರಾ ದಿನಾ ಬೆಳಿಗ್ಗೆ ಬಂದು ಮೈ ಒರೆಸಿ, ತಲೆ ಬಾಚಿ ಹೋಗುತ್ತಾಳೆ. ಅವಳು ಇರುವಷ್ಟು ಹೊತ್ತೂ ಕದಿರೇಶ ಬಾಗಿಲಲ್ಲೇ ನಿಂತಿರುತ್ತಾನೆ, ಅಮ್ಮನ ಮೇಲೆ ಅಷ್ಟು ಕಾಳಜಿ. ಹೊರಗೆ ಹೋಗುವಾಗ ನಾಯಿ ನುಗ್ಗುತ್ತದೆಂದು ಬೀಗ ಹಾಕಿಕೊಂಡು ಹೋಗುತ್ತಾನೆ. ನಮ್ಮ ಬೀದಿಯಲ್ಲಿ ನಾಯಿಗಳು ಜಾಸ್ತಿಯಾಗಿರಬೇಕು, ಕಿಟಕಿಯಿಂದ ನನಗೊಂದೂ ಕಂಡಿಲ್ಲ.

ಕೆರೆ ಈ ಸಲ ತುಂಬಿದೆ ಗಂಗೀ. ಜೊಂಡಿನ ಹತ್ತಿರ ಸಂಜೆ ಹೊತ್ತು ನೀರು ತಟ್ಟನೆ ಒಡೆಯುವುದು ಇಲ್ಲಿಂದಲೇ ಕಾಣುತ್ತದೆ. ಕೊರಮೀನು, ಬೇರೆ ಯಾವುದೂ ಅಷ್ಟು ಸೊಕ್ಕಿನಿಂದ ನೀರು ಒಡೆಯುವುದಿಲ್ಲ. ಕಂಡಾಗಲೆಲ್ಲ ಕೈ ಗಾಳದ ಕಡ್ಡಿ ಹುಡುಕುತ್ತದೆ. ಮೀನಿನ ಮಾತು ಬರೆಯಲು ಶುರು ಮಾಡಿದ್ದು ನೋಡಿ ಕದಿರೇಶ "ಈ ಪುರಾಣ ಎಲ್ಲ ಯಾಕಮ್ಮ?" ಎಂದು ಗೊಣಗಿದ. ಮೀನಿನ ಮಾತಿಲ್ಲದೆ ಬರೆದರೆ ಅದು ನನ್ನ ಕಾಗದವೆಂದು ಗಂಗಿ ನಂಬುವುದೇ ಇಲ್ಲ ಅಂದೆ. ಸರಿ ಬರಿ ಅಂದ.

ನೆನಪಿದೆಯಾ, ಮದುವೆಯಾಗಿ ಬಂದ ಮೊದಲನೇ ವರ್ಷ ನೀನು ರೆಕ್ಸಿನ್ನಿನಲ್ಲಿ ಮೀನು ಹೊಲಿದದ್ದು? ನಮ್ಮಪ್ಪ ಪಂಜರದ ಕೌಜುಗವನ್ನು ಹೊಲದ ಬದುವಿನಲ್ಲಿಟ್ಟು, ಅದರ ಕೂಗಿಗೆ ಬೇರೆ ಕೌಜುಗಗಳು ಬಂದು ಬೀಳುವಂತೆ ಮಾಡುತ್ತಿದ್ದ ಕಥೆ ಹೇಳಿದ್ದೆ. ಹಕ್ಕಿಗೆ ಆಗುವುದು ಮೀನಿಗೆ ಯಾಕಾಗಬಾರದೆಂದು ನಾನು ಥರ್ಮಾಕೋಲು ಕೆತ್ತಿ ನೋಡಿದ್ದೆ, ತಗಡು ಕತ್ತರಿಸಿ ನೋಡಿದ್ದೆ. ನೀನು ಜಹಾನಾರಾಳ ಚಿಂದಿ ಚೀಲದಿಂದ ಬೆಳ್ಳಿ ಬಣ್ಣದ ರೆಕ್ಸಿನ್ ತಂದು, ಬ್ಲೌಸಿನ ಗುಂಡಿ ಕಣ್ಣು ಹಾಕಿ, ಏನು ಚೆಂದ ಮಾಡಿದ್ದೆ! ಕೊರಮೀನು ಬಂತು, ಸುತ್ತ ಒಂದು ಸಲ ತಿರುಗಿತು, ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು ಊರಿಗೆ ಹೋಗಿ ತಿಳಿಸುತ್ತೇವೆ ಅನ್ನುವ ಗಂಡಿನ ಕಡೆಯವರ ಹಾಗೆ ಹೊರಟುಹೋಯಿತು. ನೀನು ಮೂರು ದಿನ ಮುಖ ಊದಿಸಿಕೊಂಡಿದ್ದೆ.

ಆಮೇಲೆ ನಾನು ಗಾಜಿನ ಬಾಟಲಿಯ ಉಪಾಯ ಮಾಡಿದ್ದು. ಮುಚ್ಚಳಕ್ಕೆ ಮೊಳೆಯಿಂದ ತೂತು, ಒಳಗೆ ಕೆರೆ ನೀರು, ಅದರಲ್ಲಿ ಜೀವಂತ ಸಸಲು ಮೀನು ಒಂದು, ಬೆರಳುದ್ದದ್ದು. ಹಗ್ಗ ಕಟ್ಟಿ ಜೊಂಡಿನ ಪಕ್ಕ ಇಳಿಬಿಡುವುದು, ಅದರಿಂದ ಒಂದು ಗೇಣು ದೂರದಲ್ಲಿ ಗಾಳಕ್ಕೆ ಕಪ್ಪೆಮರಿ. ಸಸಲು ತನ್ನ ಪಾಡಿಗೆ ತಾನು ಹೊಳೆಯುತ್ತ ಸುತ್ತುತ್ತಿದ್ದರೆ ಕೊರಮೀನು ಎಲ್ಲಿದ್ದರೂ ಬರುತ್ತದೆ, ಗಾಜಿಗೆ ಮೂತಿ ಬಡಿಯುತ್ತದೆ, ಬಡಿದು ಬಡಿದು ರೇಗಿ ಪಕ್ಕದಲ್ಲಿರುವುದನ್ನು ನುಂಗುತ್ತದೆ. "ತೊಂದರಪಡೊದ್ದು ಬಿಡ್ಡಾ" ಎಂದು ನಮ್ಮಪ್ಪ ತೆಲುಗಿನಲ್ಲಿ ಹೇಳುತ್ತಿದ್ದ ಮಾತನ್ನೇ ನಿನಗೂ ಹೇಳುತ್ತಿದ್ದೆ, ಅವಸರ ಪಡಬೇಡ ಮಗಳೇ ಎಂದು. ಮೊದಲ ದಿನವೇ ಮೊಳಕೈ ಗಾತ್ರದ್ದು ಬಿತ್ತು. ನೀನು ಕುಣಿದು ಸೀರೆಯೆಲ್ಲ ಕೆಸರು ಮಾಡಿಕೊಂಡೆ, ಆಮೇಲೆ ಬಾಟಲಿಯನ್ನು ಎತ್ತಿ ಮುಖದ ಹತ್ತಿರ ಹಿಡಿದೆ. "ಅತ್ತೆ, ಒಳಗಿರೋ ಮೀನಿಗೆ ಗೊತ್ತಾಗಲ್ವಾ, ತನ್ನನ್ನ ಯಾಕೆ ಇಲ್ಲಿ ಇಟ್ಟಿದಾರೆ ಅಂತ?" ಎಂದು ಕೇಳಿದೆ. ನಾನು ನಕ್ಕು, ಅದಕ್ಕೇನೇ ಗೊತ್ತು, ನೋಡು ಹೇಗೆ ಬಾಯಿ ಆಡಿಸಿಕೊಂಡು ಹಾಯಾಗಿದೆ ಅಂದಿದ್ದೆ. ಕೆಲಸ ಮುಗಿದ ಮೇಲೆ ಸಸಲನ್ನು ಕೆರೆಗೆ ಬಿಟ್ಟೇ ಮನೆಗೆ ಬರುವುದು ನನ್ನ ನಿಯಮ. ಜಶಿ ಮಾತು ಬಂದ ಮೇಲೆ ಪ್ರತಿ ಸಲವೂ ಅದಕ್ಕೆ ಟಾಟಾ ಮಾಡುತ್ತಿದ್ದಳು. ಆ ಬಾಟಲಿ ಈಗಲೂ ಅಟ್ಟದ ಮೇಲಿದೆ, ಖಾಲಿ.

ಇನ್ನು ಮುಖ್ಯ ವಿಷಯಕ್ಕೆ ಬರಬೇಕಂತೆ. ಕದಿರೇಶ ಬದಲಾಗಿದ್ದಾನೆ. ಕುಡಿಯುವುದನ್ನು ಪೂರ್ತಿ ಬಿಟ್ಟಿದ್ದಾನೆ. ನಿನ್ನ ಮೇಲೆ ಕೈ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತಿದ್ದಾನೆ. ಪಶ್ಚಾತ್ತಾಪ ಎನ್ನುವ ಪದ ಅವನೇ ಹೇಳಿದ, ಒತ್ತಕ್ಷರ ಸರಿಯಾಗಿದೆಯೋ ಇಲ್ಲವೋ ನೀನು ನೋಡಿಕೋ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನೂ ಬರೆಯಲು ಹೇಳಿದ್ದಾನೆ, ಬರೆದಿದ್ದೇನೆ. ಪೊಲೀಸ್ ಸ್ಟೇಷನ್ನಿನಲ್ಲಿ ಕೊಟ್ಟಿರುವ ಕಂಪ್ಲೇಂಟನ್ನು ನೀನು ವಾಪಸ್ ತೆಗೆದುಕೊಂಡರೆ ಮನೆ ಮಾತು ಮನೆಯಲ್ಲೇ ಮುಗಿಯುತ್ತದಂತೆ. ಡಿಸೆಂಬರ್ ಒಂದನೇ ತಾರೀಕು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜಶಿಯನ್ನು ಕರೆದುಕೊಂಡು ಮುಳಬಾಗಿಲು ಬಸ್ ಸ್ಟ್ಯಾಂಡಿಗೆ ಬಾ. ಅವನು ಕಾರು ತರುತ್ತಾನೆ. ಜಶಿಯನ್ನು ಮರೆಯದೆ ಕರೆತರಬೇಕು. ಅಕ್ಕಯಮ್ಮನಿಗೆ ತೊಂದರೆ ಕೊಡುವುದು ಬೇಡ, ನೀವಿಬ್ಬರೇ ಬಂದರೆ ಸಾಕು.

ಇಷ್ಟು ಬರೆದ ಮೇಲೆ ನನ್ನ ಮಾತನ್ನೂ ಒಂದೆರಡು ಬರೆಯುತ್ತೇನೆ. ಅವರೆಕಾಯಿ ಶುರುವಾಗಿದೆ. ಜಹಾನಾರಾ ನಿನ್ನೆ ಒಂದು ಬೊಗಸೆ ಸೊಗಡು ಕಾಯಿ ತಂದು ಮೂಗಿಗೆ ಹಿಡಿದಳು. ಹಿತಕಿದ ಬೇಳೆಗೆ ಜಶಿ ಜೊತೆ ಕೂತು ಕಾಳು ಹಿತುಕುತ್ತಿದ್ದದ್ದು ಜ್ಞಾಪಕ ಬಂತು. ಪುಳಕ್ಕನೆ ಹಾರಿಸಿ ನನ್ನ ಮುಖಕ್ಕೇ ಗುರಿಯಿಡುತ್ತಿದ್ದಳು ಪೋಕರಿ. ಅವಳ ಎಡಗಾಲಿನ ಒಂದು ಚಪ್ಪಲಿ ನನ್ನ ಮಂಚದ ಕೆಳಗೆ ಉಳಿದಿದೆ. ಬಗ್ಗಿ ತೆಗೆದುಕೊಳ್ಳಲು ನನಗೆ ಆಗುವುದಿಲ್ಲ, ಯಾರಿಗೂ ತೆಗೆಯಲು ನಾನು ಬಿಟ್ಟಿಲ್ಲ. ನಿಮ್ಮಿಬ್ಬರನ್ನು ಒಂದು ಸಲ ನೋಡಬೇಕೆಂದು ಆಸೆ ಗಂಗೀ. ಹೆತ್ತ ಮಗಳು ನನಗಿಲ್ಲವೆಂದು ಒಂದು ದಿನವೂ ಅನ್ನಿಸದಂತೆ ಒಂಬತ್ತು ವರ್ಷ ನನ್ನ ಜೊತೆ ಇದ್ದೆ. ಆ ಒಂಬತ್ತು ವರ್ಷದಲ್ಲಿ ಅವನು ನಿನಗೆ ಹೊಡೆದಾಗಲೆಲ್ಲ ನಾನು ಅಡ್ಡ ಬರಬೇಕಿತ್ತು, ಒಂದೆರಡು ಸಲ ಮಾತ್ರ ಬಂದೆ. ಈ ಸಾಲನ್ನು ಹೊಡೆದುಹಾಕು ಅಂದ ಕದಿರೇಶ. ಇದಿದ್ದರೆ ಅವಳ ಮನಸ್ಸು ಕರಗುತ್ತದೆ ಕಣೋ ಅಂದೆ, ಬಿಟ್ಟಿದ್ದಾನೆ.

ಮೈ ಹುಷಾರು. ಚಳಿಯಲ್ಲಿ ಕೂಸಿನ ಕಿವಿಗೆ ಬಟ್ಟೆ ಕಟ್ಟು. ಕುರುಡುಮಲೆ ವಿನಾಯಕ ನಿಮ್ಮಿಬ್ಬರನ್ನೂ ಕಾಯಲಿ. ಅಕ್ಕಯಮ್ಮನಿಗೂ ಅವಳ ಯಜಮಾನರಿಗೂ ನಾನು ಕೇಳಿದೆನೆಂದು ಹೇಳು.

ನಿನ್ನ ಅತ್ತೆ,
ಮುನಿಯಲ್ಲಮ್ಮ

ಮರೆತಿದ್ದೆ. ವಿನಾಯಕನ ಕುಂಕುಮ ಒಂದು ಚಿಟಿಕೆ ಪೊಟ್ಟಣ ಕಟ್ಟಿ ಇದರ ಜೊತೆ ಇಡುತ್ತೇನೆ. ನೀನೇ ಬಿಚ್ಚಿ ಹಣೆಗಿಟ್ಟುಕೋ, ಬೇರೆಯವರ ಕೈಗೆ ಕೊಡಬೇಡ. ಪೊಟ್ಟಣದ ಕಾಗದ ದೇವರದು, ಕಸಕ್ಕೆ ಹಾಕಬೇಡ.

ಗಂಗೀ, ಇದು ಕುಂಕುಮ ಕಟ್ಟುವ ಕ್ಯಾಲೆಂಡರ್ ಹಾಳೆಯ ಹಿಂಬದಿ. ಕದಿರೇಶ ಕಾಗದ ಓದಿ ಮುಗಿಸಿ ಲಕೋಟೆ ತರಲು ಶಿವಕುಮಾರನ ಅಂಗಡಿಗೆ ಹೋಗಿದ್ದಾನೆ. ಬೀಗ ಹಾಕಿದ್ದು ಕೇಳಿಸಿತು. ಹತ್ತು ನಿಮಿಷ ಸಿಕ್ಕಿದರೆ ಹೆಚ್ಚು. ಕಾಗದದಲ್ಲಿ ಎರಡು ಸುಳ್ಳಿವೆ. ಅವನು ಬದಲಾಗಿಲ್ಲ. ನಾನು ಏರಿ ಮೇಲೆ ಜಾರಿ ಬೀಳಲಿಲ್ಲ, ನೀನೆಲ್ಲಿದ್ದೀಯ ಹೇಳು ಹೇಳು ಎಂದು ಜಗಲಿಯಿಂದ ನೂಕಿದ. ಮಿಕ್ಕಿದ್ದೆಲ್ಲ ನಿಜ, ಕಾಲು, ಅವರೆಕಾಯಿ, ಚಪ್ಪಲಿ, ನಿಮ್ಮನ್ನು ನೋಡುವ ಆಸೆ. ನಿಜವಾಗಿರುವುದಕ್ಕೇ ನನಗೆ ಭಯ, ರೆಕ್ಸಿನ್ ಮೀನಿಗೆ ನೀನು ಮೋಸ ಹೋಗುವವಳಲ್ಲ. ಭಾನುವಾರ ಬಸ್ ಸ್ಟ್ಯಾಂಡಿನಿಂದ ಜಶಿಯನ್ನು ಕಾರಿನಲ್ಲಿ ಹಾಕಿಕೊಂಡು ಗಡಿಯಾಚೆ ಪುಂಗನೂರಿನಲ್ಲಿ ಅವನ ಸ್ನೇಹಿತ ಭೀಮರಾಜನ ಮನೆಗೆ ಸಾಗಿಸುತ್ತಾರೆ. ನನಗೆ ನಿದ್ದೆ ಬಂದಿದೆಯೆಂದುಕೊಂಡು ಇಬ್ಬರೂ ಇಲ್ಲೇ ಮಾತಾಡಿದರು. "ಕೂಸು ಕೈಗೆ ಸಿಕ್ರೆ ಸಾಕು, ಕಂಪ್ಲೇಂಟು ಹರ್ಕೊಂಡು ಅವಳೇ ಹಿಂದೆ ಬರ್ತಾಳೆ" ಅಂದ ಕದಿರೇಶ. ಆಮೇಲೆ ಬಾಟಲಿಯೊಳಗೆ ಕೂರುವ ಸರದಿ ಜಶಿಯದು. ನಿನ್ನ ಕೇಸು ನೋಡುವ ಪೊಲೀಸಮ್ಮನಿಗೆ ಇದನ್ನು ತೋರಿಸು, ಬೈರಕೂರಿನಲ್ಲಿ ಮುದುಕಿಯೊಬ್ಬಳನ್ನು ಕೂಡಿಹಾಕಿದ್ದಾರೆಂದು ಹೇಳು. ಅವರು ಬಂದರೆ ಬರಲಿ, ನೀನು ಜೊತೆಗೆ ಬರಬೇಡ. ಅವನು ಇನ್ನೊಂದು ಕಾಗದ ಬರೆಸುತ್ತಾನೆ, ಅದು ಇದಕ್ಕಿಂತ ಚೆನ್ನಾಗಿರುತ್ತದೆ, ಅದಕ್ಕೂ ಬರಬೇಡ. ನಾನು ಸತ್ತೆನೆಂದು ಸುದ್ದಿ ಬಂದರೂ ಕೂಸನ್ನು ಎತ್ತಿಕೊಂಡು ಮಣ್ಣಿಗೆ ಬರಬೇಡ, ಅಲ್ಲೇ ಒಂದು ದೀಪ ಹಚ್ಚು, ನನಗೆ ಮುಟ್ಟುತ್ತದೆ. ಆವತ್ತು ಕೆರೆ ಹತ್ತಿರ ನೀನು ಕೇಳಿದ್ದಕ್ಕೆ ನಾನು ತಪ್ಪು ಹೇಳಿದೆ. ಒಳಗಿರುವ ಮೀನಿಗೆ ಗೊತ್ತಾಗುತ್ತದೆ ಕಣೇ. ಬೀಗ ತೆಗೆಯುತ್ತಿದ್ದಾನೆ. ಬರಬೇಡ.