ಪೂರ್ವದ ಗೋಡೆಯ ಐದು ಕಣ್ಣು

ಜುಲೈ 19

ಮತ್ತೆ ಅದೇ ಕನಸು. ಅಡುಗೆಮನೆಯಲ್ಲಿ ನಿಂತು ಹಗ್ಗ ಎಳೆಯುತ್ತಿದ್ದೇನೆ. ಎಳೆದಷ್ಟೂ ಬರುತ್ತದೆ. ಒಲೆ ಮುಚ್ಚಿತು, ಬಾಗಿಲು ಮುಚ್ಚಿತು, ಸೊಂಟದವರೆಗೆ ಹಗ್ಗ. ತುದಿ ಮಾತ್ರ ಬರಲಿಲ್ಲ. ಎದ್ದಾಗ ಅಂಗೈ ನಿಜವಾಗಿಯೂ ಉರಿಯುತ್ತಿತ್ತು. ಕಂಬಳಿಯ ಅಂಚು ಹಿಡಿದೇ ಮಲಗಿದ್ದೆನೇನೋ.

ಬೆಳಿಗ್ಗೆ ಬೆಟ್ಟದ ಪೂರ್ವದ ಮಂಜುಗಡ್ಡೆ ಗೋಡೆಯ ಬುಡಕ್ಕೆ, ಹತ್ತುವ ದಾರಿಗಳನ್ನು ನೋಡಲು ಹೋಗಿಬಂದೆ. ಎಡದ ದಾರಿ: ಬೂದು ಬಣ್ಣ, ಸುತ್ತಿಗೆ ತಟ್ಟಿದರೆ ಖಾಲಿ ಡಬ್ಬದ ಸದ್ದು. ನಡುವಿನದು: ಮೇಲೆಲ್ಲ ಪುಡಿಹಿಮ, ಒಳಗೆ ಏನಿದೆಯೋ. ಬಲದ್ದು: ನೀಲಿ ಮಂಜುಗಡ್ಡೆ. ಆಸರೆಗೆ ಹಾಕುವ ಕೊಳವೆ ಸ್ಕ್ರೂ ಒಳಕ್ಕೆ ತಿರುಗಿಸುವಷ್ಟರಲ್ಲಿ ತೋಳು ಸೋತಿತು—ಒಳ್ಳೆಯ ಲಕ್ಷಣ. ನಮ್ಮ ತಂಗುಮನೆಯ ಹಲಗೆಯ ಮೇಲೆ ಗೈಡುಗಳಿಗಾಗಿ ಬರೆದೆ: ಎಡ ಬೇಡ. ನಡು ಬೇಡ. ಬಲ ಸರಿ. ನಾಲ್ಕನೇ ಕ್ಲಾಸಿಗೆ ಬಿಟ್ಟವನ ಅಕ್ಷರ. ಗೈಡುಗಳು ನಗುತ್ತಾರೆ. ನಗಲಿ, ಓದಿದರೆ ಸಾಕು.

ಮಧ್ಯಾಹ್ನ ಮಗಳು ಸೆನೋಬಿಯಾ ಲಾ ಪಾಸ್‌ನಿಂದ ಬಂದಳು. ಹೊಸ ಗೈಡ್ ಕಾರ್ಡು ತೋರಿಸಿದಳು. ಫೋಟೋದಲ್ಲೂ ತೀರಿಹೋದ ಅವಳ ಅಮ್ಮನ ಹಾಗೆಯೇ ಹುಬ್ಬು ಗಂಟಿಕ್ಕಿದ್ದಾಳೆ. ಆಗಸ್ಟ್ ಎರಡಕ್ಕೆ ಇಟಲಿಯ ಹೆಂಗಸೊಬ್ಬಳನ್ನು ಬಲದ ದಾರಿಯಲ್ಲಿ ಹತ್ತಿಸುತ್ತಾಳಂತೆ. ಮುಂದೆ ಹೋಗುವವಳು ಇವಳೇ. ಮೊದಲ ಸಲ.

"ಆಗಸ್ಟಾ?" ಎಂದೆ. ಆಗಸ್ಟಿನಲ್ಲಿ ಭೂಮಿತಾಯಿ ಹಸಿದು ಬಾಯಿ ತೆರೆದು ಕೂತಿರುತ್ತಾಳೆ.

"ಅವಳಿಗೆ ರಜೆ ಸಿಗೋದೇ ಆಗ ಅಪ್ಪಾ."

ಹಿಲಾರಿಯಾ ಅಕ್ಕ ಒಲೆಯ ಮುಂದಿನಿಂದಲೇ, "ನಿಮ್ಮಪ್ಪನಿಗೆ ಜೂನೂ ಆಗಲ್ಲ, ಜುಲೈನೂ ಆಗಲ್ಲ ಬಿಡೇ. ಹನ್ನೆರಡು ತಿಂಗಳಿಗೂ ಒಂದೊಂದು ಭಯ ಕಟ್ಟಿಟ್ಕೊಂಡಿದಾನೆ" ಎಂದಳು.

ಜುಲೈ 22

ಮಾನ ಹೋಯಿತು. ದುರ್ಬೀನಿನಲ್ಲಿ ಗೋಡೆಯ ಮೇಲೆ ಬಿರುಕು ಕಂಡೆ. ರೇಡಿಯೋ ಹಿಡಿದರೆ ನನ್ನ ನಾಲಿಗೆ ತೊಡರುತ್ತದೆ, ಅದಕ್ಕೆ ಹೇಳಬೇಕಾದ್ದನ್ನು ಮೊದಲು ಇದೇ ಪುಸ್ತಕದಲ್ಲಿ ಬರೆದುಕೊಂಡು ಓದುತ್ತೇನೆ. ಓದಿದೆ. ಗೈಡು ವಾಲೆರಿಯೋ ಮೂವರು ಕ್ಲೈಂಟುಗಳನ್ನು ಅರ್ಧದಿಂದಲೇ ಇಳಿಸಿಕೊಂಡು ಬಂದ. ಬಿರುಕಲ್ಲ. ಹಗ್ಗದ ನೆರಳು.

"ಕಾಸಿಯಾನೋ ಮಾವ, ನೆರಳಿಗೂ ಹೆಲ್ಮೆಟ್ ಹಾಕಿಸ್ತೀಯಾ?" ಎಂದ. ಎಲ್ಲರೂ ನಕ್ಕರು. ಈ ಸೀಸನ್ನಿನಲ್ಲಿ ಇದು ನನ್ನ ಎರಡನೆಯ ಸುಳ್ಳು ಎಚ್ಚರಿಕೆ. ಸೆನೋಬಿಯಾ ನಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ, "ನನ್ನ ದಿನ ಹಿಂಗೆ ಮಾಡಬೇಡಪ್ಪಾ. ನಿನಗೆ ಕೈ ಮುಗೀತೀನಿ" ಎಂದಳು.

ಮಾಡುವುದಿಲ್ಲ ಎಂದೆ.

ಜುಲೈ 26

ವಾಲೆರಿಯೋ ಜೊತೆ ಬಲದ ದಾರಿ ಹತ್ತಿ, ಇಳಿಯುವವರಿಗಾಗಿ ಐದು ಕಣ್ಣು ಕೊರೆದು ಬಂದೆ. ಮಂಡಿ ಊದಿದೆ. ಮಂಜುಗಡ್ಡೆಗೆ ಎರಡು ಓರೆ ತೂತು, ಒಳಗೆ ಒಂದನ್ನೊಂದು ಸೇರಬೇಕು, ದಾರ ಪೋಣಿಸಿ ಗಂಟು—ಅದು ಕಣ್ಣು. ಆ ದಾರದೊಳಗೆ ಹಗ್ಗ ಹಾಯಿಸಿ ಜೋತುಬಿದ್ದು ಇಳಿಯುತ್ತಾರೆ. ಜೊತೆಯವರು ಇಳಿಯುವವರೆಗೆ ಪಕ್ಕದಲ್ಲಿ ಸ್ಕ್ರೂ ಆಸರೆ ಇರುತ್ತದೆ. ಕೊನೆಯಲ್ಲಿ ಇಳಿಯುವ ಗೈಡು ಅದನ್ನೂ ಬಿಚ್ಚಿಕೊಂಡು ಕಣ್ಣೊಂದನ್ನೇ ನಂಬಬೇಕು.

ಆ ಕೊನೆಯವಳು ಸೆನೋಬಿಯಾ.

ಹತ್ತುವ ಮೊದಲು ಗೋಡೆಯ ಬುಡದಲ್ಲಿ ಬೆಟ್ಟದಜ್ಜನಿಗೆ ಕೋಕಾ ಎಲೆ ಇಡುವುದು ಎಲ್ಲರೂ ಮಾಡುವುದೇ. ಇಟ್ಟೆವು. ಸಾಲದು ಅನ್ನಿಸಿತು. ವಾಲೆರಿಯೋ ಆಚೆ ತಿರುಗಿದಾಗಲೆಲ್ಲ ತಂತಿಯ ಕೊಕ್ಕೆಯಿಂದ ಒಂದೊಂದು ಕಣ್ಣಿನೊಳಗೂ ಎಲೆ ತುರುಕಿದೆ. ಹರಿಯದ, ಚುಕ್ಕೆಯಿಲ್ಲದ ಎಲೆ, ಕಣ್ಣಿಗೊಂದು ಚಿಟಿಕೆ. ಅಜ್ಜಾ, ನನ್ನ ಮಗಳು ಬರುತ್ತಾಳೆ, ಗಟ್ಟಿಯಾಗಿ ಹಿಡಿದುಕೋ ಎಂದೆ.

ಇವತ್ತು ನಿದ್ದೆ ಬಂದೀತು.

ಜುಲೈ 31

ಐದು ದಿನವೂ ಬಿಸಿಲು. ಗಾಳಿಯಿಲ್ಲ. ಗೋಡೆಗೆ ಏಳು ಗಂಟೆಗೇ ಬಿಸಿಲು ಬೀಳುತ್ತದೆ, ಹನ್ನೊಂದಕ್ಕೆ ಹೋಗುತ್ತದೆ. ಬುಡದಲ್ಲಿ ತಟ್ಟಿ ನೋಡಿದೆ: ನೀಲಿ, ಗಟ್ಟಿ. ಹಲಗೆ: ಬಲ ಸರಿ. ಕಣ್ಣು ಐದೂ ಗಟ್ಟಿ.

ಸೆನೋಬಿಯಾ ಬೂಟಿನ ಮುಳ್ಳಿಗೆ ಅರ ಹಾಕುತ್ತ ಕೂತಿದ್ದಳು.

"ಇಳಿಯೋವಾಗ ನಾನೇ ಹೊಸ ಕಣ್ಣು ಕೊರೀಬೇಕಾ?"

"ಯಾಕೆ? ನನ್ನವು ಇದಾವಲ್ಲ."

"ಹಂಗಾದ್ರೆ ಸರಿ. ಬೇರೆ ಯಾರಾದ್ರೂ ಕಟ್ಟಿದ್ರೆ ಎಳೆದು ನೋಡ್ತೀನಿ. ನೀನು ಕಟ್ಟಿದ್ದನ್ನ ಏನು ನೋಡೋದು? ನೀನೇ ನೂರು ಸಲ ನೋಡಿರ್ತೀಯ."

ಅಕ್ಕ ನಕ್ಕಳು. ನಾನೂ ನಕ್ಕೆ. ಹೊಗಳಿಸಿಕೊಂಡು ಎಷ್ಟು ವರ್ಷವಾಯಿತು.

ಆಗಸ್ಟ್ 2, ಬೆಳಿಗ್ಗೆ ಏಳು

ನಸುಕಿಗೂ ಮುಂಚೆ ಹೋದರು. ಇಬ್ಬರೇ. ದುರ್ಬೀನಿನಲ್ಲಿ ಸಿಕ್ಕರು, ಮುಕ್ಕಾಲು ದಾರಿ ಏರಿದ್ದಾರೆ. ಸೆನೋಬಿಯಾಳ ಕೈ ನಿಧಾನ, ಒಂದೇ ಸಮ. ಅವಳ ಮಂಜುಗಡ್ಡೆ ಕೊಡಲಿಗೆ ಎರಡನೆಯ ಏಟು ಬೇಕಾಗುವುದಿಲ್ಲ. ಚಳಿಗೆ ಬ್ಯಾಟರಿ ಸಾಯಬಾರದೆಂದು ರೇಡಿಯೋ ಆಫ್ ಮಾಡಿಕೊಂಡಿದ್ದಾಳೆ. ಒಂಬತ್ತಕ್ಕೆ, ಇಳಿಯುವ ಮುಂಚೆ, ಒಂದು ಸಲ ಹಾಕುತ್ತೇನೆ ಎಂದಿದ್ದಾಳೆ.

ಸೂಪು ಇಳಿಯಲಿಲ್ಲ. ಅಕ್ಕ ಬೈದಳು.

ಎಂಟೂಕಾಲು

ಹಿತ್ತಲಿಗೆ ನೀರಿಗೆಂದು ಮಂಜುಗಡ್ಡೆ ಒಡೆಯಲು ಹೋದೆ. ನೆನ್ನೆ ಅಕ್ಕ ಕೋಕಾ ಕಷಾಯದ ಚರಟ ಅಲ್ಲೇ ಚೆಲ್ಲಿದ್ದಾಳೆ. ಎಲೆಗಳು ಕಾಣಲಿಲ್ಲ. ತೂತುಗಳು ಕಂಡವು. ಒಂದೊಂದು ಎಲೆಗೂ ಅದರದೇ ಅಳತೆಯ ಬಾವಿ. ಕಡ್ಡಿ ಹಾಕಿದೆ—ಬೆರಳುದ್ದ. ತಳದಲ್ಲಿ ಎಲೆ, ಮೇಲೆ ಕಡ್ಡಿಗೇ ಒಡೆಯುವ ತೆಳು ಹೆಪ್ಪು. ಒಂದೇ ದಿನದ ಬಿಸಿಲಿಗೆ.

ಎಲೆ ಕಪ್ಪು. ಬಿಸಿಲು ಕುಡಿಯುತ್ತದೆ.

ಗೋಡೆಯ ಮೇಲಿನವು ಏಳು ದಿನದಿಂದ ಕುಡಿಯುತ್ತಿವೆ. ದಾರಕ್ಕೆ ಒರಗಿಕೊಂಡು. ಎರಡು ತೂತು ಸೇರುವ ಜಾಗದಲ್ಲೇ, ಎಲ್ಲಿ ಭಾರವೆಲ್ಲ ಬೀಳುತ್ತದೋ ಅಲ್ಲೇ. ರಾತ್ರಿ ನೀರು ಹೆಪ್ಪುಗಟ್ಟಿದ್ದರೆ ಹಿಡಿದೀತು. ಆದರೆ ಅವರು ಇಳಿಯುವುದು ರಾತ್ರಿಯಲ್ಲ...

ನಾನು ತಟ್ಟಿ ನೋಡಿದ್ದು ಬುಡದಲ್ಲಿ. ಕಣ್ಣುಗಳಿರುವುದು ಮೇಲೆ.

ಎಂಟೂಮುಕ್ಕಾಲು

ಅಕ್ಕನಿಗೆ ಹೇಳಿದೆ. ಅವಳು ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

"ಹೇಳ್ಬಿಡು ಕಾಸಿಯಾನೋ."

"ವಾಲೆರಿಯೋನ ರೇಡಿಯೋಲೂ ಕೇಳ್ತದೆ. ಕೆಳಗಿನ ಆಫೀಸಲ್ಲೂ. ಇಟಲಿಯವಳ ಮುಂದೆ ಅವಳ ಮುಖ—"

"ಮುಖ ಇದ್ದರೆ ತಾನೇ!"

ಇದೂ ನೆರಳೇ ಆಗಿದ್ದರೆ? ಅವಳು ಕೈ ಮುಗಿದಿದ್ದಳು. ಮೂರನೆಯ ಸಲವೂ ಸುಳ್ಳಾದರೆ ಈ ಬೆಟ್ಟದಲ್ಲಿ ಅವಳಿಗೆ ಯಾರೂ ಕೆಲಸ ಕೊಡುವುದಿಲ್ಲ. ಅಜ್ಜನಿಗೆಂದು ಕೊಟ್ಟದ್ದೇ ಹೀಗೆ... ಮತ್ತೆ ಹೋಗಿ ಆ ಬಾವಿಗಳನ್ನು ನೋಡಿದೆ. ನೆರಳಲ್ಲ. ಕಡ್ಡಿ ಇನ್ನೂ ನಿಂತೇ ಇದೆ.

ಒಂಬತ್ತಕ್ಕೆ ಮೂರು ನಿಮಿಷ

ಇಬ್ಬರೂ ತುದಿಯಲ್ಲಿ. ಇಟಲಿಯವಳು ಕೂತಿದ್ದಾಳೆ. ಸೆನೋಬಿಯಾ ಮೊದಲ ಕಣ್ಣಿನ ಹತ್ತಿರ ಬಗ್ಗಿದ್ದಾಳೆ, ನನ್ನ ದಾರಕ್ಕೆ ಹಗ್ಗ ಪೋಣಿಸುತ್ತಿದ್ದಾಳೆ. ಎಳೆದು ನೋಡಲಿಲ್ಲ.

ಬರೆದುಕೊಳ್ಳುತ್ತೇನೆ, ರೇಡಿಯೋ ಬಂದೊಡನೆ ಓದಬೇಕು:

ಸೆನೋಬಿಯಾ, ನಾನು ಅಪ್ಪ. ರೇಡಿಯೋ ಆಫ್ ಮಾಡಬೇಡ, ಪೂರ್ತಿ ಕೇಳು. ಐದೂ ಕಣ್ಣಲ್ಲಿ ಕೋಕಾ ಎಲೆ ತುರುಕಿದೀನಿ. ನಾನೇ. ನಿನಗೆ ಹೇಳದೆ. ಎಲೆ ಬಿಸಿಲು ಹೀರಿ ಮಂಜುಗಡ್ಡೆ ಕರಗಿಸ್ತದೆ, ಹಿತ್ತಲಲ್ಲಿ ನೋಡಿದೆ. ಎಲ್ಲರೂ ಕೇಳಲಿ, ತಪ್ಪು ನಂದು, ನಿಂದಲ್ಲ. ಪಕ್ಕದಲ್ಲಿ ಹೊಸದು ಕೊರಿ. ಆಗಲ್ಲ ಅಂದ್ರೂ ಸ್ಕ್ರೂ ಬಿಚ್ಚೋಕೆ ಮೊದಲು ತೂತಿಗೆ ಬೆರಳು ಹಾಕು. ಒಳಗೆ ಒದ್ದೆ ಇದೆಯಾ ನೋಡು. ಅಪ್ಪ ಕಟ್ಟಿದ್ದು ಅಂತ ಬಿಡಬೇಡ ಮಗಳೇ. ಇನ್ನೊಂದ್ಸಲ ನೋಡು, ದಾರದ ಹಿಂದೆ, ಒಳಗಡೆ, ಇನ್ನೊಂದೇ ಒಂದ್ಸಲ—