ನೆಂಟರಿಗೆ ಬೆಲ್ಲ, ನೀರು

ಏಪ್ರಿಲ್ 6, ಬೆಳಿಗ್ಗೆ

ಎದ್ದವನೇ ಹೊದಿಕೆ ಮಡಚಿಟ್ಟೆ. ಶರ್ಟ್ ಇನ್ ಮಾಡಿಕೊಂಡೇ ಹೊರಗೆ ಬಂದೆ. ಮಸ್ಕತ್‌ನ ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸ, ಅಭ್ಯಾಸ ಬಿಡುವುದಿಲ್ಲ. ಇದು ಮುಳ್ಳೇರಿಯ, ಲುಂಗಿ ಸಾಕು ಎಂದು ಹೆಂಡತಿ ಹರಿಣಾಕ್ಷಿ ನಕ್ಕಳು.

ನಿನ್ನೆ ಬಂದಿಳಿದಾಗ ಅನ್ವಿತಾ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟಳು. ಪ್ರಯಾಣ ಸುಖವಾಯಿತೇ ಎಂದು ಕೇಳಿದಳು. ಎಂಟು ವರ್ಷದ ಮಗಳು... ಮನೆಗೆ ಬಂದವರಿಗೆ ಹೀಗೆ ಮಾಡಬೇಕೆಂದು ನನ್ನ ಅಮ್ಮ ಕಲಿಸಿದ್ದಂತೆ. ನನಗೂ ಹೆಮ್ಮೆಯೇ ಆಯಿತು. ನೀರು ಪೂರ್ತಿ ಕುಡಿದೆ.

ಏಪ್ರಿಲ್ 7

ಕಳೆದ ಸಲ ರಜೆಗೆ ಬಂದಾಗ ಈ ಮನೆಗೆ ಬರೀ ಗೋಡೆ ಇತ್ತು. ಬಾತ್‌ರೂಮಿನ ಲೈಟ್ ಹುಡುಕಿ ಸಾಕಾಯಿತು. ಅನ್ವಿತಾ ಬಂದಳು. ಇದು ಲೈಟ್, ಇದು ಗೀಸರ್, ಟವೆಲ್ ಇಲ್ಲಿ ಉಂಟು... ಒಂದೊಂದಾಗಿ ತೋರಿಸಿದಳು. ಕೊನೆಗೆ ಒಂದು ನಗು.

ಆ ನಗು ನನಗೆ ಗೊತ್ತು. ಕೌಂಟರಿನಲ್ಲಿ ದಿನವೂ ನಾನೇ ನಗುವ ನಗು.

ಏಪ್ರಿಲ್ 12

ಹರಿಣಾಕ್ಷಿಯ ಅಣ್ಣ ಸುಧೀರ್ ಕಾಸರಗೋಡಿನಿಂದ ಬಂದಿದ್ದ. ಅವನಿಗೆ ಬೆಲ್ಲವೂ ಇಲ್ಲ, ನೀರೂ ಇಲ್ಲ. ಅನ್ವಿತಾ ಮಾವ, ಮಾವ ಎಂದು ಬೆನ್ನಿಗೆ ಬಿದ್ದಳು. ಅವನ ತಟ್ಟೆಯ ಮೀನನ್ನೇ ಎತ್ತಿಕೊಂಡಳು. ನನಗೆ ಮಾತ್ರ ದೊಡ್ಡ ತುಂಡು ಬಡಿಸಿದಳು — ಮರ್ಯಾದೆಯಿಂದ.

ಫೋನಿನಲ್ಲಿ ಬಾಯ್ತುಂಬ ಪಪ್ಪ ಅನ್ನುತ್ತಿದ್ದವಳು. ಎದುರಿಗೆ ಏನೆಂದೂ ಕರೆಯುವುದಿಲ್ಲ.

ಏಪ್ರಿಲ್ 21

ಆದದ್ದಾಗಲಿ. ವಾಪಸ್ ಹೋಗುವುದಿಲ್ಲ. ಮ್ಯಾನೇಜರಿಗೆ ಮೇಲ್ ಹಾಕಿಯೂ ಆಯಿತು. ಜೊತೆಗಿದ್ದರೆ ಮಗಳು ಹತ್ತಿರ ಬಂದೇ ಬರುತ್ತಾಳೆ. ನಾಳೆ ಊಟಕ್ಕೆ ಕೂತಾಗ ಹೇಳಬೇಕು. ಏನೋ ಖುಷಿ.

ಏಪ್ರಿಲ್ 22, ಮಧ್ಯಾಹ್ನ

ಹೇಳಿದೆ. ಹರಿಣಾಕ್ಷಿಯ ಕಣ್ಣು ತುಂಬಿತು. ಅನ್ವಿತಾ ತುತ್ತು ಹಿಡಿದುಕೊಂಡೇ ಅಮ್ಮನ ಮುಖ ನೋಡಿದಳು.

"ಇವರು ಹೋಗುವುದಿಲ್ವಾ? ಹಾಗಾದ್ರೆ ನಾನು ನಿನ್ನ ಹತ್ತಿರ ಮಲಗುವುದು ಯಾವಾಗ?"

ಆಮೇಲೆ ಅಳು. ಬಿಕ್ಕಿ ಬಿಕ್ಕಿ. ಇಷ್ಟು ದಿನ ಹಾಲ್‌ನಲ್ಲಿ ಅಜ್ಜಿಯ ಜೊತೆ ಮಲಗಿದ್ದಾಳೆ, ಅಮ್ಮನ ಪಕ್ಕದ ಜಾಗ ನನಗೆ ಬಿಟ್ಟುಕೊಟ್ಟು. ನೆಂಟರು ಹೋಗುವ ತನಕ ಎಂದು ತಡೆದುಕೊಂಡಿದ್ದಳು. ಎತ್ತಿಕೊಳ್ಳೋಣ ಎಂದು ಕೈ ಚಾಚಿದೆ. ಅಮ್ಮನ ಹಿಂದೆ ಅಡಗಿದಳು.

ಅದೇ ದಿನ, ಸಂಜೆ

ನನ್ನ ಹೊದಿಕೆ, ದಿಂಬು ಹಾಲ್‌ಗೆ ತಂದೆ. ಹರಿಣಾಕ್ಷಿ ಬೇಡವೆಂದಳು, ಕೇಳಲಿಲ್ಲ. ಅವಳು ಒಳಗೆ ಮಗಳಿಗೆ ಏನೋ ಬುದ್ಧಿ ಹೇಳುತ್ತಿದ್ದಳು.

ಸ್ವಲ್ಪ ಹೊತ್ತಿನಲ್ಲಿ ಅನ್ವಿತಾ ಬಂದಳು. ಮುಖ ತೊಳೆದು, ತಲೆ ಬಾಚಿಕೊಂಡು. ಕೈ ಕಟ್ಟಿ ನಿಂತಳು.

"ಸಾರಿ. ನಾನು ಹಾಗೆ ಹೇಳ್ಬಾರ್ದಿತ್ತು. ನೀವು ಎಷ್ಟು ದಿನ ಬೇಕಾದ್ರೂ ಇರಿ."

ಥ್ಯಾಂಕ್ಯೂ ಅಂದೆ. ಅವಳು ಒಳಗೆ ಹೋದ ಮೇಲೆ ನಾನು, ಇಷ್ಟು ದಿನ ಅವಳು ಮಲಗುತ್ತಿದ್ದ ಜಾಗದಲ್ಲಿ ನನ್ನ ಹೊದಿಕೆ ಹಾಸಿದೆ.