ಕಪ್ಪೆ ಸಿಪಾಯಿಯನ್ನು ತೂಗಿದ ದಿನಗಳು

ಕೆರೆ ತುಂಬಿದ ಎಂಬತ್ತೆರಡನೆಯ ವರ್ಷ, ಹದಿಮೂರನೆಯ ತಿಂಗಳ ಐದನೆಯ ದಿನ
ಕೋಲಾರದ ಹಳೆಯ ಚಿನ್ನದ ಗಣಿ, ಏಳನೆಯ ಅಂತಸ್ತು

ನಮಗಿಂತ ಮುಂಚೆ ಬದುಕಿದವರೇ,

ಮೇಲಿನ ತಾರೀಖು ನಿಮಗೆ ತಪ್ಪೆಂದು ಕಂಡೀತು. ನಮ್ಮ ಸೀಮೆಯ ಕೆರೆಗಳೆಲ್ಲ ಒಂದೇ ಮಳೆಗಾಲದಲ್ಲಿ ಕೋಡಿ ಹರಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ, ವರ್ಷಕ್ಕೆ ಹದಿಮೂರು ತಿಂಗಳು. ನಿಮ್ಮ ಲೆಕ್ಕಕ್ಕೆ ಇದು 2231ರ ಕೊನೆ. ನಿಮ್ಮ ಬರವಣಿಗೆಯ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವಳು. ಎಲ್ಲಾದರೂ ಮಾತು ತೊಡರಿದರೆ ಮನ್ನಿಸಿ. ಮನೆಮಾತು ಮಾತ್ರ ಅಷ್ಟೇನೂ ಬದಲಾಗಿಲ್ಲ, ಅದನ್ನು ಕೇಳಿದ ಹಾಗೇ ಬರೆದಿದ್ದೇನೆ.

ನನ್ನ ಹೆಸರು ಅಶ್ವತ್ಥಮ್ಮ. ನಾನು ತೂಕಗಾರ್ತಿ. ಅಂದರೆ ಹಳೆಯ ಚಲನಚಿತ್ರಗಳನ್ನು ನೋಡಿ, ಅವುಗಳ ಒಳ್ಳೆಯದು ಕೆಟ್ಟದ್ದನ್ನು ಬರೆದು, ಉಳಿಸಬೇಕೋ ಬೇಡವೋ ಎಂದು ಹೇಳುವವಳು. ಗಣಿಯೊಳಗೆ ವರ್ಷವಿಡೀ ಒಂದೇ ತಂಪು ಇರುವುದರಿಂದ ನಿಮ್ಮ ಕಾಲದ, ಅದಕ್ಕೂ ಹಿಂದಿನ ರೀಲುಗಳು ಹೇಗೋ ಇಲ್ಲಿಗೆ ಬಂದು ಸೇರಿವೆ. ಬೆಳಗಿನ ಜಾವ ಕೆಳಗಿಳಿಯುತ್ತೇವೆ, ಮಧ್ಯಾಹ್ನದ ಉರಿಬಿಸಿಲನ್ನು ಇಲ್ಲೇ ಕಳೆಯುತ್ತೇವೆ, ರಾಗಿಮುದ್ದೆ ಹುರುಳಿಸಾರನ್ನು ಡಬ್ಬಿಯಲ್ಲಿ ತಂದು ಇಲ್ಲೇ ಉಣ್ಣುತ್ತೇವೆ. ಉಳಿಸತಕ್ಕದ್ದನ್ನು ಗಾಜೋಲೆಗೆ ಇಳಿಸುತ್ತೇವೆ. ಅದು ಅಂಗೈಯಗಲದ ಗಾಜಿನ ಹಲಗೆ, ಸಾವಿರ ವರ್ಷ ಕೆಡುವುದಿಲ್ಲವಂತೆ. ವರ್ಷಕ್ಕೆ ನಲವತ್ತು ಗಾಜೋಲೆಗಳು ಮಾತ್ರ ಸಿಗುತ್ತವೆ. ಒಂದು ಚಿತ್ರ ಉಳಿಯಬೇಕಾದರೆ ನಾವು ಮೂವರೂ ಒಪ್ಪಬೇಕು.

ಮೂವರಲ್ಲಿ ಹಿರಿಯರು ತಿಮ್ಮರಾಯಪ್ಪನವರು, ಎಪ್ಪತ್ತು ದಾಟಿದವರು. ಕಿರಿಯವಳು ಕಿಯೋ. ಅವಳ ಮುತ್ತಜ್ಜಿ ಜಪಾನಿನ ಕಡಲತೀರದ ಊರೊಂದು ನೀರುಪಾಲಾದಾಗ ಇಲ್ಲಿಗೆ ಬಂದು ನೆಲೆಸಿದವರು. ಕಿಯೋ ಹುಟ್ಟಿದ್ದು, ಬೆಳೆದದ್ದು, ಜಗಳವಾಡಿದ್ದು ಎಲ್ಲ ಕೋಲಾರದಲ್ಲೇ. ರೀಲಿನಲ್ಲಿ ಹಾಳಾದ ಬಿಡಿಚಿತ್ರಗಳನ್ನು ಕೈಯಿಂದ ಮತ್ತೆ ಬರೆಯಬಲ್ಲವಳು ನಮ್ಮಲ್ಲಿ ಅವಳೊಬ್ಬಳೇ.

ಈ ವರ್ಷ ನಮ್ಮ ಮುಂದೆ ಬಂದ ಒಂದು ರೀಲಿಗೆ ತಲೆಬರಹವೇ ಇರಲಿಲ್ಲ, ಮೊದಲ ಕೆಲವು ಅಡಿ ಪುಡಿಯಾಗಿತ್ತು. ಯಾವುದೋ ದೂರದೇಶದಲ್ಲಿ, ನಿಮಗೂ ಹಳೆಯದಾದ ಆ ದೊಡ್ಡ ಯುದ್ಧದ ನಡುವೆ ಮಾಡಿದ ಏಳು ನಿಮಿಷದ ಕಾರ್ಟೂನು. ನಾವು ‘ಕಪ್ಪೆ ಸಿಪಾಯಿ’ ಎಂದು ಹೆಸರಿಟ್ಟೆವು. ಹುಳಿವಾಸನೆ ಹೊಡೆಯುತ್ತಿದ್ದ ಆ ರೀಲಿಗೆ ಹೆಚ್ಚೆಂದರೆ ಹದಿನೈದು ದಿನದ ಆಯಸ್ಸಿತ್ತು. ಬೇರೆ ಪ್ರತಿ ಎಲ್ಲಿಯೂ ಇಲ್ಲ.

ಸುಣ್ಣ ಬಳಿದ ಗಣಿಗೋಡೆಯ ಮೇಲೆ ಚಿತ್ರ ಓಡಿಸಿದೆವು. ಒಂದು ಕಪ್ಪೆ ಕಬ್ಬಿಣದ ಟೋಪಿ ಹಾಕಿಕೊಂಡು ಒಂಟಿಯಾಗಿ ಕೊಳ ಕಾಯುತ್ತದೆ. ಮಳೆ ಬರುತ್ತದೆ. ತೆಗೆದಿಟ್ಟ ಟೋಪಿಯಲ್ಲಿ ನೀರು ತುಂಬಿ, ಅದರೊಳಗೆ ಎಲ್ಲಿಂದಲೋ ಒಂದು ಗೊದಮೊಟ್ಟೆ ಸೇರಿಕೊಳ್ಳುತ್ತದೆ. ಕಪ್ಪೆಗೆ ಅದನ್ನು ಚೆಲ್ಲಲು ಮನಸ್ಸಾಗುವುದಿಲ್ಲ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ತುಳುಕದಂತೆ ಹಿಡಿದ ಟೋಪಿ, ಹಾಗೇ ನಡೆದಾಡುತ್ತ ಪಹರೆ ಮಾಡುತ್ತದೆ. ತಿಮ್ಮರಾಯಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ತಗಡಿನ ದೋಣಿಯೊಂದು ಬಂತು. ಅದರಿಂದ ಶತ್ರುಗಳು ಇಳಿದರು: ಗೀಟಿನಂಥ ಕಣ್ಣು, ತುಟಿಯಾಚೆಗೆ ಚಾಚಿದ ಹಲ್ಲು, ದಪ್ಪ ಕನ್ನಡಕ. ಜಪಾನೀ ಸೈನಿಕರು. ಕೆಸರಲ್ಲಿ ಮೂಗು ಮುಳುಗಿಸಿ ಬಿದ್ದರು. ನಗು ನಿಲ್ಲಿಸುವುದು ನನಗೆ ತಡವಾಯಿತು. ಪಕ್ಕಕ್ಕೆ ತಿರುಗಿ ನೋಡಿದೆ.

“ನಗ್ಬೇಕು ಅನ್ಸಿದ್ರೆ ನಗಕ್ಕಾ, ನನ್ ಮುಖ ಯಾಕ್ ನೋಡ್ತೀಯಾ?” ಎಂದಳು ಕಿಯೋ. ಊಟದ ಡಬ್ಬಿಯನ್ನೂ ಮುಟ್ಟದೆ ಮೇಲೆ ಹೊರಟುಹೋದಳು.

ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ದೋಣಿಯ ದೃಶ್ಯದಲ್ಲಿ ಅರವತ್ತೊಂದು ಬಿಡಿಚಿತ್ರಗಳು ಕರಗಿಹೋಗಿದ್ದವು. ತಲೆಬರಹ ಇಲ್ಲದಿದ್ದರೂ ನಡೆದೀತು, ಕಥೆಯ ನಡುವೆ ತುಂಡಾದ ಚಲನಚಿತ್ರವನ್ನು ಗಾಜಿಗೆ ಇಳಿಸುವಂತಿಲ್ಲ. ಅಂದರೆ ಕಪ್ಪೆ ಉಳಿಯಬೇಕಾದರೆ ಆ ಹಲ್ಲು, ಆ ಕಣ್ಣುಗಳನ್ನು ಕಿಯೋ ತನ್ನ ಕೈಯಾರೆ ಬರೆಯಬೇಕು.

ಮರುದಿನ ಅವಳು ಬಂದೊಡನೆ ನಾನೇ ಹೇಳಿದೆ, “ಬೇಡ ಬಿಡು. ನಾನು ಒಪ್ಪಲ್ಲ ಅಂತ ಬರ್ದ್ಬಿಡ್ತೀನಿ. ಹೋದ್ರೆ ಹೋಗ್ಲಿ.”

ತಿಮ್ಮರಾಯಪ್ಪನವರಿಗೆ ಟೋಪಿಯ ದೃಶ್ಯ ಬಿಡಲು ಮನಸ್ಸಿರಲಿಲ್ಲ. “ಹಲ್ಲು ಒಂಚೂರು ಚಿಕ್ಕದಾಗಿ ಬರ್ದ್ಬಿಡವ್ವಾ. ಯಾರಿಗ್ ಗೊತ್ತಾಗ್ತದೆ?” ಎಂದರು.

“ನಂಗೊತ್ತಾಗ್ತದಲ್ಲ ತಾತಾ. ಅವ್ರು ಬೈದಿದ್ದನ್ನ ನಾನು ತಿದ್ದಿಟ್ರೆ, ಮುಂದೆ ಬರೋರು ಅವ್ರು ಬೈದೇ ಇಲ್ಲ ಅಂದ್ಕೊಂತಾರೆ.” ರೀಲನ್ನು ತನ್ನತ್ತ ಎಳೆದುಕೊಂಡು, “ಮೂರ್ ದಿನ ಕೊಡಿ. ನಿಧಾನ್ವಾಗಿ ನೋಡ್ಬೇಕು,” ಎಂದಳು.

ಭೂತಗನ್ನಡಿ ಹಿಡಿದು ಒಂದೊಂದೇ ಚಿತ್ರವನ್ನು ನೋಡುತ್ತ ಕುಳಿತಳು. ಅವಳಿಗೆ ನೋವಾಗುವುದನ್ನು ಅವಳ ಕೈಗೇ ಕೊಟ್ಟು ನಾವಿಬ್ಬರೂ ದೂರ ಕೂತಿದ್ದೇವಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿ. ಮೂರನೆಯ ದಿನ ಅವಳು ಕೂಗಿದಳು, “ಅಕ್ಕಾ, ಬಾ ಇಲ್ಲಿ! ಈ ಸೈನಿಕರನ್ನ ಎಣ್ಸು.”

“ಹನ್ನೊಂದು.”

“ಮುಖ ಎಷ್ಟು?”

ಬಗ್ಗಿ ನೋಡಿದೆ. ಹನ್ನೊಂದು ಜನಕ್ಕೂ ಒಂದೇ ಮುಖ. ಒಂದನ್ನು ಬರೆದು ಉಳಿದ ಹತ್ತನ್ನು ಅದರ ಮೇಲೆ ಕಾಗದವಿಟ್ಟು ಎಳೆದಿದ್ದರು. ಒಂದು ಹಲ್ಲಿನ ಅಂಚಿನಲ್ಲಿ ಪೆನ್ನು ಜಾರಿದ್ದ ಗುರುತು ಸಹ ಹನ್ನೊಂದು ಕಡೆಯೂ ಹಾಗೇ ಇತ್ತು. ಕಪ್ಪೆಯಾದರೋ ಪ್ರತಿ ಚಿತ್ರದಲ್ಲೂ ಹೊಸದು. ಅದರ ಗಂಟಲು ಉಬ್ಬುವುದು, ಬೆರಳು ಟೋಪಿಯ ಅಂಚನ್ನು ಹಿಡಿಯುವುದು, ಹಿಂದಿನ ಜೊಂಡು ಬಾಗುವುದು, ಒಂದೂ ಇನ್ನೊಂದರಂತಿಲ್ಲ.

“ಕಪ್ಪೆನ ಕೊಳದ ಹತ್ರ ಕೂತ್ಕೊಂಡು ನೋಡಿ ಬರ್ದವ್ರೆ. ನಮ್ಮೋರ್ನ ನೋಡ್ದೇನೇ ಬರ್ದವ್ರೆ,” ಎಂದಳು ಕಿಯೋ. “ಮೂರ್ ದಿನದಿಂದ ಹೊಟ್ಟೇಲಿ ಬೆಂಕಿ ಇಟ್ಕೊಂಡು ಕೂತಿದ್ನಲ್ಲಕ್ಕಾ, ಇದು ಕೆಟ್ಟ ಕೆಲ್ಸ! ಕೈಕೆಲ್ಸಾನೇ ಕೆಟ್ಟದ್ದು! ಸೋಮಾರಿಗಳು!” ಎಂದು ನಕ್ಕುಬಿಟ್ಟಳು. ಆ ರೀಲು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬರೆಯಲು ಒಪ್ಪಿದಳು. ಒಪ್ಪಿದರೂ ಸುಲಭವಾಗಲಿಲ್ಲ. ಮೊದಲ ದಿನ ನಾಲ್ಕು ಹಾಳೆ ಬರೆದು ಹರಿದಳು. ನಾನು ಪಕ್ಕದಲ್ಲಿ ಕುಳಿತು ಶಾಯಿ ಕಲಸಿಕೊಟ್ಟೆ, ಬೇರೇನೂ ತೋಚಲಿಲ್ಲ. ಒಂಬತ್ತು ದಿನಕ್ಕೆ ಅರವತ್ತೊಂದೂ ಮುಗಿದವು. ಹಲ್ಲು ಎಷ್ಟಿತ್ತೋ ಅಷ್ಟೇ.

ಗಾಜೋಲೆಯ ಅಂಚಿನಲ್ಲಿ ತೀರ್ಪು ಕೆತ್ತಬೇಕು. ನಾನು ರೂಢಿಯಂತೆ ಗುಣ ಒಂದು ಕಡೆ, ದೋಷ ಒಂದು ಕಡೆ ಬರೆದಿದ್ದೆ: ಮಳೆನೀರಿನ ಚಿತ್ರಣ ಅಪೂರ್ವ, ನಗಿಸುವ ಸಮಯಜ್ಞಾನ ಬಲು ಚುರುಕು; ಆದರೆ ಒಂದು ಜನಾಂಗವನ್ನು ಹೀಗಳೆಯುತ್ತದೆ. ಕಿಯೋ ಒಪ್ಪಲಿಲ್ಲ. ‘ಆದರೆ’ ಎಂಬ ಮಾತು ಬೇಡವೆಂದಳು. ಕಡೆಗೆ ಹೀಗೆ ಕೆತ್ತಿದೆವು: “ಇದನ್ನು ಮಾಡಿದವರು ಪ್ರೀತಿಸಿದ್ದನ್ನು ಚೆನ್ನಾಗಿ ನೋಡಿದರು, ಚೆನ್ನಾಗಿ ಬರೆದರು. ದ್ವೇಷಿಸಿದವರನ್ನು ನೋಡಲಿಲ್ಲ, ಬರೆಯಲು ಬರಲಿಲ್ಲ. ಎರಡನೆಯದು ಅವರ ಮನಸ್ಸಿನ ದೋಷವೂ ಹೌದು, ಕಲೆಯ ದೋಷವೂ ಹೌದು.” ಮೂವರೂ ರುಜು ಹಾಕಿದೆವು.

ನಿನ್ನೆ ಬೆಳಿಗ್ಗೆ ಊರವರನ್ನು ಕರೆದು ತೋರಿಸಿದೆವು. ತೀರ್ಪನ್ನು ಮೊದಲೇ ಓದಿ ಹೇಳಿದ್ದೆ. ಕಿಯೋಳ ತಾಯಿ ಹನಾ ಮುಂದಿನ ಸಾಲಿನಲ್ಲಿದ್ದರು. ಟೋಪಿಯ ದೃಶ್ಯಕ್ಕೆ ಮನಸಾರೆ ನಕ್ಕರು. ದೋಣಿ ಬಂದಾಗ ಮಗಳ ಕೈ ಹಿಡಿದುಕೊಂಡು ಕಡೆಯವರೆಗೂ ನೋಡಿದರು. ಮುಗಿದ ಮೇಲೆ ನಾನು ಅವರ ಹತ್ತಿರ ಹೋದೆ. “ಕಪ್ಪೆ ಎಷ್ಟ್ ಚೆನ್ನಾಗೈತೆ ಅಶ್ವತ್ಥಮ್ಮಾ! ಇನ್ನೊಂದ್ಸಲ ಹಾಕ್ತೀರಾ?” ಎಂದರು. ಹಾಕಿದೆವು.

ಈಗ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ವರ್ಷ ನಿಮ್ಮ ಕಾಲದ ಪೆಟ್ಟಿಗೆಗಳನ್ನು ತೆರೆಯುತ್ತೇವೆ. ನಿಮ್ಮ ಯುದ್ಧಗಳು, ನಿಮ್ಮ ಕಾರ್ಟೂನುಗಳು, ನೀವು ನಕ್ಕ ನಗೆ ಎಲ್ಲವೂ ಆ ಗೋಡೆಯ ಮೇಲೆ ಬರುತ್ತವೆ. ನೋಡಲು ಬರುವವರಲ್ಲಿ ನೀವು ಯಾರನ್ನು ಕಂಡು ನಕ್ಕಿರೋ ಅವರ ಮೊಮ್ಮಕ್ಕಳೂ ಇರುತ್ತಾರೆ, ಮುಂದಿನ ಸಾಲಿನಲ್ಲೇ. ನಗಿಸಬೇಡಿ ಎನ್ನುತ್ತಿಲ್ಲ, ನಮಗೂ ನಗುವುದೆಂದರೆ ಇಷ್ಟ. ಬರೆಯುವ ಮುಂಚೆ ಒಮ್ಮೆ ಅವರ ಬೀದಿಗೆ ಹೋಗಿ ಬನ್ನಿ. ನಿಮಗಿನ್ನೂ ಸಮಯವಿದೆ.

ಇತಿ,
ಅಶ್ವತ್ಥಮ್ಮ